ಮನೆಮಂದಿಯೆಲ್ಲ ಸೇರಿ ಚೌಕಾಬಾರ ಆಡೋಣ: ಮಣೆ ಬರೆಯುವುದರಿಂದ ಕಾಯಿ ಹಣ್ಣಾಗುವವರೆಗೆ

ಕವಡೆ ಎರಡು ಬಿತ್ತು. ನಮ್ಮ ಏಳು ವರ್ಷದ ಮಗಳು ತನ್ನ ನಾಲ್ಕು ಕಾಯಿಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಒಂದು ಕಾಯಿ ನಡೆಸಿದರೆ ಅಣ್ಣನ ಕಾಯಿಯನ್ನು ಹೊಡೆಯಬಹುದು. ಇನ್ನೊಂದು ನಡೆಸಿದರೆ ಅದು ಕಟ್ಟೆ ಸೇರಿ ಕ್ಷೇಮವಾಗಿರುತ್ತದೆ. ಎರಡೂ ಬೇಕು, ಆದರೆ ಗರ (ಕವಡೆ ಹಾಕಿದಾಗ ಬೀಳುವ ಲೆಕ್ಕ) ಒಂದೇ. "ಅಜ್ಜೀ, ಯಾವ್ದು ನಡೆಸ್ಲಿ?" ಅಂತ ಕೇಳಿದಳು. ನಮ್ಮ ಅತ್ತೆ ಹೇಳಿದ್ದು ಇಷ್ಟೇ: "ಎಷ್ಟು ಅಂತ ಕವಡೆ ಹೇಳಾಯ್ತು ಪುಟ್ಟಿ. ಯಾವ್ದು ಅಂತ ನೀನೇ ಹೇಳ್ಬೇಕು."

ಚೌಕಾಬಾರ ಅಂದರೆ ಬರೀ ಅದೃಷ್ಟದ ಆಟ ಅಂತ ಜಾಸ್ತಿ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ಪ್ರತಿ ಗರಕ್ಕೂ ನಿಮ್ಮ ಮುಂದೆ ನಾಲ್ಕು ದಾರಿಗಳಿರುತ್ತವೆ. ಆ ನಾಲ್ಕರಲ್ಲಿ ಒಂದನ್ನು ಆರಿಸುವುದೇ ಈ ಆಟದ ಬುದ್ಧಿ. ಆ ಆಯ್ಕೆಯನ್ನು ಮನೆಯ ಚಿಕ್ಕವರಿಗೂ ಬಿಟ್ಟುಕೊಡುವುದು ಹೇಗೆ, ಮಣೆ ಬರೆಯುವುದು ಹೇಗೆ, ಯಾವ ಕಾಯಿಯನ್ನು ಯಾವಾಗ ನಡೆಸಬೇಕು, ಎಲ್ಲವನ್ನೂ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಚದುರಂಗ, ಹುಲಿ-ಕುರಿ ಇವೆಲ್ಲ ಇನ್ನೂ ಆಳವಾದ ಆಟಗಳು, ಒಪ್ಪುತ್ತೇನೆ. ಆದರೆ ಅಲ್ಲಿ ಚೆನ್ನಾಗಿ ಆಡುವವರೇ ಗೆಲ್ಲುತ್ತಾರೆ. ಏಳು ವರ್ಷದ ಮಗು ನಲವತ್ತು ವರ್ಷದ ಅಪ್ಪನ ಎದುರು ಹತ್ತು ಸಲ ಕೂತರೆ ಹತ್ತು ಸಲವೂ ಸೋಲುತ್ತದೆ, ಹನ್ನೊಂದನೇ ಸಲ ಕೂರುವುದಿಲ್ಲ. ಅದೂ ಅಲ್ಲದೆ ಅಲ್ಲಿ ಇಬ್ಬರು ಆಡಿದರೆ ಉಳಿದವರು ಸುಮ್ನೆ ನೋಡುತ್ತ ಕೂರಬೇಕು. ಚೌಕಾಬಾರದಲ್ಲಿ ನಾಲ್ಕು ಜನ ಕೂರಬಹುದು. ಕವಡೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಅದೃಷ್ಟ ಹಂಚುತ್ತದೆ, ಬುದ್ಧಿ ಉಪಯೋಗಿಸಿದವರಿಗೆ ಕೊನೆಗೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಅಜ್ಜಿ, ಮೊಮ್ಮಗಳು ಇಬ್ಬರೂ ನಿಜವಾಗಿ ಗೆಲ್ಲಬಹುದಾದ ಆಟ ಇದು.

ನಿಮ್ಮ ಕಡೆ ಇದನ್ನು ಕಟ್ಟೆಮನೆ, ಗಟ್ಟಮನೆ, ಚಕ್ಕಾ ಅಂತಲೂ ಕರೆಯಬಹುದು. ತೆಲುಗಿನಲ್ಲಿ ಇದು ಅಷ್ಟಾ ಚಮ್ಮಾ. ಪಗಡೆ ಇದರ ದೊಡ್ಡಣ್ಣ. ಆ ಪಗಡೆಯ ಬಳಗದ ಪಚ್ಚೀಸಿಯನ್ನೇ ಸರಳ ಮಾಡಿ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಲೂಡೋ ಅಂತ ಹಕ್ಕು ಪಡೆದರು. ನಮ್ಮಲ್ಲಿ ಮಣೆ ಆಟಗಳ ಬಗ್ಗೆ ಬಹಳ ಆಸಕ್ತಿ ಇದ್ದ ದೊರೆ ಅಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868). ಅವರು ಹೊಸ ಹೊಸ ಆಟಗಳನ್ನೂ ಕಟ್ಟಿದರು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಗೋಡೆಯ ಮೇಲೆ ಬರೆದ ಆಟದ ಮಣೆಗಳನ್ನು ಮಕ್ಕಳಿಗೆ ತೋರಿಸಿ. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವೂ ಹಳೆಯ ಆಟಗಳ ಮಣೆ, ಕಾಯಿಗಳ ಪ್ರದರ್ಶನ ನಡೆಸುತ್ತ ಬಂದಿದೆ.

ಮೊದಲು ಮಣೆ

ಮಣೆಗೆ ದುಡ್ಡು ಕೊಡಬೇಕಾಗಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಸಾಕು. ಅಡ್ಡ 5, ಉದ್ದ 5, ಒಟ್ಟು 25 ಮನೆ. ಒಂದೊಂದು ಮನೆ ಮೂರು ಇಂಚು ಇರಲಿ. ಆಗ ಒಂದು ಮನೆಯಲ್ಲಿ ನಾಲ್ಕೈದು ಕಾಯಿ ಕೂತರೂ ಇಕ್ಕಟ್ಟಾಗುವುದಿಲ್ಲ. ನಾಲ್ಕೂ ಬದಿಯ ನಟ್ಟನಡುವಿನ ಮನೆಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ಕತ್ತರಿ ಗುರುತು ಹಾಕಿ. ಮಣೆಯ ನಡುವಿನ ಮನೆಗೂ ಹಾಗೇ ಹಾಕಿ. ಗುರುತು ಇರುವ ಈ ಐದು ಮನೆಗಳೇ ಕಟ್ಟೆ. ಕಟ್ಟೆಯ ಮೇಲೆ ಕೂತ ಕಾಯಿಯನ್ನು ಯಾರೂ ಹೊಡೆಯುವ ಹಾಗಿಲ್ಲ.

ನೆಲದ ಮೇಲೆ ಕೂರಲು ಆಗದ ಹಿರಿಯರು ಇದ್ದರೆ ದಪ್ಪ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದುಕೊಳ್ಳಿ. ಊಟದ ಮೇಜಿನ ಮೇಲೆ ಹಾಸಬಹುದು, ಆಟ ಮುಗಿದ ಮೇಲೆ ಮಡಚಿಡಬಹುದು. ನಾವು ಮೊದಲು ನೆಲದ ಮೇಲೇ ಆಡುತ್ತಿದ್ದೆವು. ಅತ್ತೆಗೆ ಮಂಡಿ ನೋವು ಬಂದ ಮೇಲೆ ಹಳೇ ಹೊದಿಕೆಯಲ್ಲಿ ಒಂದು ಚೌಕ ಕತ್ತರಿಸಿ ಮಣೆ ಮಾಡಿದೆವು. ಗೆರೆಗಳು ದಪ್ಪಗಿರಲಿ. ಕಣ್ಣು ಮಂಜಾದವರಿಗೆ ತೆಳು ಗೆರೆ ಕಾಣುವುದಿಲ್ಲ, ಆಮೇಲೆ ಲೆಕ್ಕ ತಪ್ಪಿ ಬೇಜಾರಾಗುತ್ತದೆ.

ಕಾಯಿ ಮತ್ತು ಕವಡೆ

ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆ ಚೂರು, ಅವರೆಕಾಳು, ಅಂಗಿ ಗುಂಡಿ, ಬೆಣಚುಕಲ್ಲು, ಏನಾದರೂ ಆಗಬಹುದು. ಬಣ್ಣ ಮಾತ್ರ ಬೇರೆ ಇದ್ದರೆ ಸಾಲದು, ಆಕಾರವೂ ಬೇರೆ ಇರಲಿ. ಸಂಜೆಯ ಬೆಳಕಿನಲ್ಲಿ ನೀಲಿ ಗುಂಡಿ ಯಾವುದು, ಹಸಿರು ಯಾವುದು ಅಂತ ತಿಳಿಯುವುದು ಕಷ್ಟ.

ಕವಡೆ ನಾಲ್ಕು ಬೇಕು. ಪೂಜೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ನಾಲ್ಕು ಹುಣಸೆ ಬೀಜ ತೆಗೆದುಕೊಂಡು, ಒಂದು ಬದಿಯನ್ನು ಒರಟು ಕಲ್ಲಿಗೆ ಬಿಳಿ ಕಾಣುವ ತನಕ ಉಜ್ಜಿ. ಇದನ್ನು ಮಕ್ಕಳಿಗೇ ಬಿಡಿ. ತಾವೇ ಉಜ್ಜಿ ಮಾಡಿದ ಬೀಜದಲ್ಲಿ ಆಡುವ ಖುಷಿ ಬೇರೆ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಕಾಯಿ, ಬೀಜ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ಆಟ ಮುಗಿದ ಕೂಡಲೇ ಎಣಿಸಿ ಚೀಲಕ್ಕೆ ಹಾಕಬೇಕು.

ಲೆಕ್ಕ ಸುಲಭ. ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಿ. ಒಂದಿದ್ದರೆ 1, ಎರಡಿದ್ದರೆ 2, ಮೂರಿದ್ದರೆ 3. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಮಕಾಡೆ ಬಿದ್ದರೆ ಬಾರ, ಅದಕ್ಕೆ 8. ಹುಣಸೆ ಬೀಜದಲ್ಲಿ ಬಿಳಿ ಬದಿ ಮೇಲಾದರೆ ಎಣಿಕೆಗೆ ಬರುತ್ತದೆ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ ಉಂಟು.

ಕಾಯಿ ಹೋಗುವ ದಾರಿ

ಇದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ಒಂದು ಕಾಯಿ ಹಿಡಿದು, ಬೆರಳಲ್ಲಿ ನಡೆಸಿ ಎರಡು ಸಲ ತೋರಿಸಿ.

ನೀವು ಕೂತ ಬದಿಯ ನಡುವಿನ ಕಟ್ಟೆಯೇ ನಿಮ್ಮ ಮನೆ. ನಾಲ್ಕೂ ಕಾಯಿ ಅಲ್ಲಿಂದಲೇ ಹೊರಡುತ್ತವೆ. ಕಾಯಿ ಬಲಗಡೆಗೆ ಹೊರಟು, ಹೊರಗಿನ ಸಾಲಿನಲ್ಲೇ ಮಣೆಯನ್ನು ಸುತ್ತಿ, ಎಡಗಡೆಯಿಂದ ವಾಪಸ್ ಬರುತ್ತದೆ. 15 ಹೆಜ್ಜೆ ನಡೆದಾಗ ನಿಮ್ಮ ಕಟ್ಟೆಯ ಎಡ ಪಕ್ಕದ ಮನೆಯಲ್ಲಿರುತ್ತದೆ. ಅಲ್ಲಿಂದ ಕಟ್ಟೆಗೆ ಹೋಗದೆ ನೇರವಾಗಿ ಒಳಗಿನ ಸಾಲಿಗೆ ತಿರುಗುತ್ತದೆ. ಒಳಗಿನ 8 ಮನೆಗಳಲ್ಲಿ ದಿಕ್ಕು ಬದಲಾಗುತ್ತದೆ. ಹೊರಗೆ ಗಡಿಯಾರದ ಮುಳ್ಳಿಗೆ ಎದುರಾಗಿ ನಡೆದ ಕಾಯಿ, ಒಳಗೆ ಮುಳ್ಳು ತಿರುಗುವ ಕಡೆಗೇ ನಡೆಯುತ್ತದೆ. ಆ ಸುತ್ತು ಮುಗಿಸಿ ನಡುವಿನ ಕಟ್ಟೆ ಸೇರಿದರೆ ಕಾಯಿ ಹಣ್ಣಾಯಿತು. ಒಟ್ಟು 24 ಹೆಜ್ಜೆ. 25 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದಕ್ಕೂ ಎರಡು ಸಲ ಹೋಗದೆ ಕಾಯಿ ಹಣ್ಣಾಗುತ್ತದೆ. ಯಾರು ಯೋಚಿಸಿದರೋ, ಎಷ್ಟು ಚೆಂದದ ದಾರಿ ಅಲ್ವಾ!

ಉಳಿದ ನಿಯಮ ಕೆಲವೇ. ಕಾಯಿ ಹೋಗುವ ದಿಕ್ಕಿನಲ್ಲೇ ಸರದಿಯೂ ಹೋಗುತ್ತದೆ. ಕಟ್ಟೆಯಲ್ಲದ ಮನೆಯಲ್ಲಿ ಬೇರೆಯವರ ಕಾಯಿ ಇದ್ದು, ನಿಮ್ಮ ಕಾಯಿ ಸರಿಯಾಗಿ ಅಲ್ಲಿಗೇ ಬಂದರೆ ಅದನ್ನು ಹೊಡೆದ ಹಾಗೆ. ಹೊಡೆಸಿಕೊಂಡ ಕಾಯಿ ತನ್ನ ಕಟ್ಟೆಗೆ ಹೋಗಿ ಮೊದಲಿಂದ ಹೊರಡಬೇಕು. ಹೊಡೆದವರಿಗೆ ಇನ್ನೊಂದು ಗರ. ಒಂದು ಕಾಯಿಯನ್ನಾದರೂ ಹೊಡೆಯದೆ ಯಾರೂ ಒಳಗಿನ ಸಾಲಿಗೆ ಹೋಗುವ ಹಾಗಿಲ್ಲ. ನಡುವಿನ ಕಟ್ಟೆಗೆ ಹೋಗಲು ಎಷ್ಟು ಬೇಕೋ ಅಷ್ಟೇ ಬೀಳಬೇಕು, ಒಂದು ಜಾಸ್ತಿಯಾದರೂ ಆ ಕಾಯಿ ಕದಲುವುದಿಲ್ಲ. ನಾಲ್ಕೂ ಕಾಯಿ ಮೊದಲು ಹಣ್ಣು ಮಾಡಿದವರು ಗೆದ್ದರು.

ಕೂರುವ ಮುಂಚೆ ಒಪ್ಪಂದ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಚೌಕಾಬಾರದ ಜಗಳಗಳೆಲ್ಲ ಹುಟ್ಟುವುದು ಇಲ್ಲೇ. ಅಮ್ಮನ ಮನೆಯಲ್ಲಿ ಒಂದು ನಿಯಮ, ಅತ್ತೆ ಮನೆಯಲ್ಲಿ ಇನ್ನೊಂದು. ಎರಡೂ ಸರಿ. ಆದರೆ ಆಟದ ನಡುವೆ, ಒಬ್ಬರ ಕಾಯಿ ಹೋಗುವ ಹೊತ್ತಿನಲ್ಲಿ "ನಮ್ಮಲ್ಲಿ ಹೀಗಿಲ್ಲಪ್ಪ" ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಮ್ಮ ಮನೆಯಲ್ಲಿ ಒಂದು ದಸರಾ ರಜೆಯ ಆಟ ಇದೇ ಕಾರಣಕ್ಕೆ ಅರ್ಧಕ್ಕೆ ನಿಂತಿತು. ಆಮೇಲೆ ಒಂದು ಚೀಟಿಯಲ್ಲಿ ನಿಯಮ ಬರೆದು ಕವಡೆ ಚೀಲದಲ್ಲಿ ಇಟ್ಟೆವು. ಈಗ ಚೀಟಿ ಹೇಳಿದ ಹಾಗೆ.

ಮೊದಲೇ ಕೇಳಿಕೊಳ್ಳಬೇಕಾದ್ದು ಇವು: ಸತತ ಮೂರು ಸಲ ಚೌಕವೋ ಬಾರವೋ ಬಿದ್ದರೆ ಆ ಮೂರೂ ಲೆಕ್ಕಕ್ಕೆ ಇಲ್ಲವೇ? (ನಮ್ಮಲ್ಲಿ ಲೆಕ್ಕಕ್ಕಿಲ್ಲ.) ಕವಡೆ ಒಂದರ ಮೇಲೊಂದು ಒರಗಿ ನಿಂತರೆ? (ಮತ್ತೆ ಹಾಕಬೇಕು.) ಹೊರಗಿನ ಸಾಲಿನಲ್ಲಿ ಒಬ್ಬರದೇ ಎರಡು ಕಾಯಿ ಒಂದೇ ಮನೆಯಲ್ಲಿ ಇದ್ದಾಗ ಹೊಡೆದರೆ? (ಎರಡೂ ವಾಪಸ್.) ಯಾರನ್ನೂ ಹೊಡೆಯದವರ ಕಾಯಿ 15ನೇ ಹೆಜ್ಜೆಗೆ ಬಂದರೆ? (ಅಲ್ಲೇ ಕಾಯಬೇಕು.) ಕಾಯಿ ಮುಟ್ಟಿದ ಮೇಲೆ ಮನಸ್ಸು ಬದಲಿಸಬಹುದೇ? ಇದಕ್ಕೆ ನಮ್ಮಲ್ಲಿ ಹತ್ತು ವರ್ಷದೊಳಗಿನವರಿಗೆ ಹೂಂ, ದೊಡ್ಡವರಿಗೆ ಇಲ್ಲ.

ಮೊದಲ ಆಟ ಚಿಕ್ಕದಿರಲಿ

ನಾಲ್ಕು ಕಾಯಿಗೆ 24ರಂತೆ 96 ಹೆಜ್ಜೆ ಆಗುತ್ತದೆ. ಹೊಡೆಸಿಕೊಂಡರೆ ಇನ್ನೂ ಜಾಸ್ತಿ. ನಾಲ್ಕು ಜನ ಕೂತರೆ ಒಂದು ಗಂಟೆ ದಾಟುವುದು ಸಾಮಾನ್ಯ. ಹೊಸದಾಗಿ ಕಲಿಯುವ ಮಗು ಅಷ್ಟು ಹೊತ್ತು ಕೂರುವುದಿಲ್ಲ. ಅದಕ್ಕೇ ಮೊದಲ ಕೆಲವು ದಿನ ಒಬ್ಬೊಬ್ಬರಿಗೆ ಎರಡೇ ಕಾಯಿ ಕೊಡಿ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಒಳಗೆ ಹೋಗಲು ಹೊಡೆದಿರಲೇಬೇಕು ಅನ್ನುವ ನಿಯಮವನ್ನೂ ಚಿಕ್ಕವರಿಗೆ ಮಾತ್ರ ಸಡಿಲ ಮಾಡಿ. ಎರಡು ಕಾಯಿಯಲ್ಲಿ ಕೈ ಪಳಗಿದ ಮೇಲೆ ಮೂರು, ಆಮೇಲೆ ನಾಲ್ಕು.

ಐದಾರು ವರ್ಷದ ಮಕ್ಕಳು ಕವಡೆ ಎಣಿಸಿ ಕಾಯಿ ನಡೆಸುವುದನ್ನು ಬೇಗ ಕಲಿಯುತ್ತಾರೆ. ಯಾವುದನ್ನು ನಡೆಸಬೇಕು ಅನ್ನುವ ಯೋಚನೆ ಏಳೆಂಟು ವರ್ಷದ ಹೊತ್ತಿಗೆ ತಾನಾಗೇ ಶುರುವಾಗುತ್ತದೆ. ಅವಸರ ಮಾಡಬೇಡಿ.

ಯಾವ ಕಾಯಿ ನಡೆಸಬೇಕು?

ಈಗ ಆಟದ ತಿರುಳಿಗೆ ಬರೋಣ. ಒಂದು ಚಿಕ್ಕ ಲೆಕ್ಕ ತಿಳಿದಿದ್ದರೆ ಆಟವೇ ಬೇರೆಯಾಗಿ ಕಾಣುತ್ತದೆ.

ನಾಲ್ಕು ಕವಡೆ ಒಟ್ಟು 16 ರೀತಿಯಲ್ಲಿ ಬೀಳಬಹುದು. ಅದರಲ್ಲಿ 1 ಬೀಳುವುದು 4 ರೀತಿ, 2 ಬೀಳುವುದು 6 ರೀತಿ, 3 ಬೀಳುವುದು 4 ರೀತಿ. ಚೌಕ ಒಂದೇ ರೀತಿ, ಬಾರ ಒಂದೇ ರೀತಿ. ಅಂದರೆ ಎಲ್ಲಕ್ಕಿಂತ ಜಾಸ್ತಿ ಬೀಳುವುದು ಎರಡು. ಕವಡೆಯ ಎರಡು ಬದಿಯೂ ಒಂದೇ ಥರ ಇಲ್ಲವಲ್ಲ, ಹಾಗಾಗಿ ನಿಮ್ಮ ಕವಡೆಯಲ್ಲಿ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಒಂದು ಮಧ್ಯಾಹ್ನ ಮಕ್ಕಳ ಜೊತೆ ಕೂತು ನೂರು ಸಲ ಕವಡೆ ಹಾಕಿ, ಯಾವುದು ಎಷ್ಟು ಸಲ ಬಿತ್ತು ಅಂತ ಗೀಟು ಹಾಕಿ ಎಣಿಸಿ. ನಮ್ಮ ಮಗ ಹುಣಸೆ ಬೀಜಕ್ಕೆ ಒಂದು ಪಟ್ಟಿ, ಕವಡೆಗೆ ಒಂದು ಪಟ್ಟಿ ಮಾಡಿ ಇಟ್ಟುಕೊಂಡಿದ್ದಾನೆ. ಶಾಲೆಯ ಲೆಕ್ಕದ ಪುಸ್ತಕದಲ್ಲಿ ಅವನಿಗೆ ಇಷ್ಟು ಆಸಕ್ತಿ ನಾನು ಕಂಡಿರಲಿಲ್ಲ.

ಈ ಲೆಕ್ಕದಿಂದ ಬರುವ ಮೊದಲ ಪಾಠ: ಎಲ್ಲ ಕಾಯಿಗಳೂ ಒಂದೇ ದಿಕ್ಕಿಗೆ ನಡೆಯುವುದರಿಂದ ಅಪಾಯ ಬರುವುದು ಹಿಂದಿನಿಂದ. ನಿಮ್ಮ ಹಿಂದೆ ಎರಡು ಮನೆ ದೂರದಲ್ಲಿ ಬೇರೆಯವರ ಕಾಯಿ ಇದ್ದರೆ ಅಪಾಯ ಎಲ್ಲಕ್ಕಿಂತ ಜಾಸ್ತಿ, 16ರಲ್ಲಿ 6. ಒಂದು ಅಥವಾ ಮೂರು ಮನೆ ದೂರ ಆದರೆ 16ರಲ್ಲಿ 4. ಒಂದು ಮನೆ ಹಿಂದೆ ಒಬ್ಬರು, ಮೂರು ಮನೆ ಹಿಂದೆ ಇನ್ನೊಬ್ಬರು ಇದ್ದು, ಇಬ್ಬರ ಸರದಿಯೂ ನಿಮಗಿಂತ ಮುಂಚೆ ಬಂದರೆ ಅಪಾಯ ಇನ್ನೂ ಹೆಚ್ಚುತ್ತದೆ. ಆದರೆ ಐದು, ಆರು, ಏಳು ಮನೆ ದೂರ ಇದ್ದರೆ? ಮೊದಲು ಚೌಕ ಬಿದ್ದು, ಆಮೇಲೆ ಬೇಕಾದ್ದೇ ಬೀಳಬೇಕು. ಅಲ್ಲಿ ನಿಶ್ಚಿಂತೆಯಿಂದ ಕೂರಬಹುದು. "ಪಕ್ಕದಲ್ಲೇ ಇದ್ದಾನೆ, ಹೆದರಿಕೆ" ಅಂತ ಮಕ್ಕಳು ಒಂದು ಮನೆ ದೂರದ ಕಾಯಿಗೆ ಜಾಸ್ತಿ ಹೆದರುತ್ತಾರೆ. ನಿಜವಾಗಿ ಹೆದರಬೇಕಾದ್ದು ಎರಡು ಮನೆ ದೂರದ ಕಾಯಿಗೆ.

ಎರಡನೆಯದು ಕಟ್ಟೆಗಳ ನಡುವಿನ ದೂರ. ಹೊರಗಿನ ಸಾಲಿನಲ್ಲಿ ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಸರಿಯಾಗಿ ನಾಲ್ಕು ಹೆಜ್ಜೆ. ಚೌಕ ಬಿದ್ದರೆ ಕಟ್ಟೆಯಿಂದ ಕಟ್ಟೆಗೆ ಒಂದೇ ನೆಗೆತ. ಬಾರ ಬಿದ್ದರೆ ಎದುರಿನವರ ಕಟ್ಟೆಗೇ ನೆಗೆತ. ಹಾಗಾಗಿ ಚೌಕ, ಬಾರ ಬಿದ್ದಾಗ ಮೊದಲು ಕಟ್ಟೆಯ ಮೇಲಿರುವ ಕಾಯಿಯನ್ನು ನೋಡಿ. ಬಿಡಿ ಮನೆಯಲ್ಲಿ, ಅಂದರೆ ಕಟ್ಟೆಯಲ್ಲದ ಮನೆಯಲ್ಲಿ ಇರುವ ಕಾಯಿಗೆ ಆ ಗರ ಕೊಟ್ಟರೆ ಅದು ಇನ್ನೊಂದು ಬಿಡಿ ಮನೆಗೇ ಹೋಗಿ ಕೂರುತ್ತದೆ.

ಚೌಕ ಅಪರೂಪವಾದ್ದರಿಂದ ಜಾಸ್ತಿ ಸಲ ಎರಡು ನಡೆಯಲ್ಲೇ ಕಟ್ಟೆ ದಾಟಬೇಕು: 2 ಮತ್ತು 2, ಇಲ್ಲವೇ 1 ಮತ್ತು 3. ಇಲ್ಲಿ ಮಣೆಯ ನಾಲ್ಕು ಮೂಲೆಗಳನ್ನು ಗಮನಿಸಿ. ಪ್ರತಿ ಮೂಲೆಯೂ ಹಿಂದಿನ ಕಟ್ಟೆಗೆ ಎರಡು ಹೆಜ್ಜೆ, ಮುಂದಿನ ಕಟ್ಟೆಗೆ ಎರಡು ಹೆಜ್ಜೆ ದೂರದಲ್ಲಿದೆ. ಮೂಲೆಯಲ್ಲಿ ಕೂತರೆ ಮುಂದಿನ ಕಟ್ಟೆ ಸೇರಲು ಎರಡು ಬಿದ್ದರೆ ಸಾಕು. ಆದರೆ ಹಿಂದಿನ ಕಟ್ಟೆಯಲ್ಲಿ ಬೇರೆಯವರ ಕಾಯಿ ಇದ್ದರೆ ನಿಮ್ಮನ್ನು ಹೊಡೆಯಲೂ ಅದೇ ಎರಡು ಸಾಕು! ಆದ್ದರಿಂದ ಖಾಲಿ ಕಟ್ಟೆಯ ಮುಂದಿನ ಮೂಲೆ ಒಳ್ಳೆಯ ಜಾಗ, ತುಂಬಿದ ಕಟ್ಟೆಯ ಮುಂದಿನ ಮೂಲೆ ಕೆಟ್ಟ ಜಾಗ. ಇದೊಂದು ಮಾತನ್ನು ನೆನಪಿಟ್ಟುಕೊಂಡರೆ ಮಕ್ಕಳ ಆಟ ಒಂದೇ ವಾರದಲ್ಲಿ ಬದಲಾಗುತ್ತದೆ.

ಆಟದ ಶುರುವಿನಲ್ಲಿ ಎಲ್ಲರ ಕಟ್ಟೆಯೂ ತುಂಬಿರುತ್ತದೆ. ಆಗ ನಾಲ್ಕನ್ನೂ ಒಟ್ಟಿಗೆ ಓಡಿಸಬೇಡಿ. ಒಂದೋ ಎರಡೋ ಕಾಯಿ ಮುಂದೆ ಹೋಗಲಿ, ಎರಡು ಕಾಯಿ ನಿಮ್ಮ ಕಟ್ಟೆಯಲ್ಲೇ ಕಾವಲಿಗೆ ಇರಲಿ. ಚೌಕ, ಬಾರ ಬೀಳದಿದ್ದರೆ ನಿಮ್ಮ ಕಟ್ಟೆ ದಾಟಿ ಮುಂದೆ ಹೋಗುವವರೆಲ್ಲ ಒಂದಲ್ಲ ಒಂದು ಹೊತ್ತು ನಿಮ್ಮ ಮುಂದಿನ ಮೂರು ಮನೆಗಳಲ್ಲಿ ಕಾಲಿಡಬೇಕು. ಹೊಡೆಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದು ಹೊಡೆತ ಹೊಡೆಯದೆ ಒಳಗೆ ಹೋಗುವ ಹಾಗಿಲ್ಲ ಅನ್ನುವುದೂ ನೆನಪಿರಲಿ. ನಾಲ್ಕೂ ಕಾಯಿ ಮುಂದೆ ಓಡಿಸಿ, ಒಂದನ್ನೂ ಹೊಡೆಯದೆ 15ನೇ ಹೆಜ್ಜೆಯಲ್ಲಿ ನಿಂತವರ ಪಾಡು ಕಷ್ಟ. ಅವರ ಹಿಂದೆ ಬರುವವರಿಗೆಲ್ಲ ಅವರೇ ಗುರಿ.

ಹೊಡೆಯುವುದೋ, ತಪ್ಪಿಸಿಕೊಳ್ಳುವುದೋ? ಮಗಳ ಮುಂದೆ ಬಂದ ಪ್ರಶ್ನೆ ಇದೇ. ನಾನು ಹೀಗೆ ಯೋಚಿಸುತ್ತೇನೆ: ಕಾಯಿ ಹೋದರೆ ಎಷ್ಟು ಹೆಜ್ಜೆ ಹೋಗುತ್ತದೆ? ಎರಡು ಹೆಜ್ಜೆ ನಡೆದ ಕಾಯಿ ಹೋದರೆ ನಷ್ಟ ಎರಡೇ. ಹದಿನಾಲ್ಕು ಹೆಜ್ಜೆ ನಡೆದ ಕಾಯಿ ಹೋದರೆ ಹದಿನಾಲ್ಕೂ ಹೋಯಿತು. ಹಿಂದೆ ಇರುವ ಕಾಯಿ ಸ್ವಲ್ಪ ಅಪಾಯ ಮೈಮೇಲೆ ಹಾಕಿಕೊಳ್ಳಬಹುದು, ಮುಂದೆ ಹೋದ ಕಾಯಿಯನ್ನು ಕಾಪಾಡಬೇಕು. ಹೊಡೆಯುವಾಗಲೂ ಅಷ್ಟೇ. ಎದುರಾಳಿಯ ಈಗಷ್ಟೇ ಹೊರಟ ಕಾಯಿ ಹೊಡೆದರೆ ಅವರಿಗೆ ದೊಡ್ಡ ನಷ್ಟವೇನಿಲ್ಲ. ಆದರೆ ಅದು ನಿಮ್ಮ ಮೊದಲ ಹೊಡೆತವಾದರೆ ಹೊಡೆಯಿರಿ, ಒಳಗಿನ ಬಾಗಿಲು ತೆರೆಯುತ್ತದೆ. ಹೊಡೆದರೆ ಇನ್ನೊಂದು ಗರ ಸಿಗುತ್ತದಲ್ಲ, ಆ ಗರದಲ್ಲಿ ನಿಮ್ಮ ಇನ್ನೊಂದು ಕಾಯಿ ಕ್ಷೇಮವಾಗುತ್ತದೆಯೇ ಅಂತಲೂ ನೋಡಬೇಕು. ಮಗಳು ಅವತ್ತು ಹೊಡೆಯದೆ ಕಟ್ಟೆಗೆ ಹೋದಳು. ಕಟ್ಟೆ ಸೇರಿದ ಆ ಕಾಯಿ ಹನ್ನೆರಡು ಹೆಜ್ಜೆ ನಡೆದಿತ್ತು. ಸರಿಯಾಗೇ ಯೋಚಿಸಿದ್ದಳು.

ಒಳಗಿನ ಸಾಲು

ಒಳಗೆ ನಡುವಿನದು ಬಿಟ್ಟರೆ ಕಟ್ಟೆಯೇ ಇಲ್ಲ. ಎಂಟು ಮನೆಯೂ ಬಿಡಿ ಮನೆ. ಮೊದಲು ಒಳಗೆ ಹೋದವರಿಗೆ ಹೊಡೆಯುವವರು ಯಾರೂ ಇರುವುದಿಲ್ಲ, ಹಾಯಾಗಿ ನಡೆಯಬಹುದು. ಕೊನೆಗೆ ಹೋದವರಿಗೂ ಒಂದು ಲಾಭ ಉಂಟು, ಮುಂದಿರುವವರನ್ನೆಲ್ಲ ಹೊಡೆಯಬಹುದು. ನಡುವೆ ಸಿಕ್ಕಿಕೊಂಡವರಿಗೇ ಕಷ್ಟ.

ಒಳಸಾಲಿನ ನಾಲ್ಕು ಮೂಲೆಗಳು ನಾಲ್ಕು ಜನರ ಬಾಗಿಲು. ಒಬ್ಬರ ಕಾಯಿ ಹೊರಗೆ 15ನೇ ಹೆಜ್ಜೆಯಲ್ಲಿ ಕಾಯುತ್ತಿದ್ದರೆ ಅವರ ಬಾಗಿಲಿನ ಮೇಲೂ, ಅದರ ಮುಂದಿನ ಎರಡು ಮನೆಗಳ ಮೇಲೂ ಅವರ ಕಣ್ಣಿರುತ್ತದೆ. ಇಲ್ಲೊಂದು ಸೊಗಸಾದ ಸಿಕ್ಕು ಉಂಟು. ನಡುವಿನ ಕಟ್ಟೆ ಸೇರಲು ಎರಡು ಹೆಜ್ಜೆ ದೂರದಲ್ಲಿ ಕಾಯುವುದೇ ಒಳ್ಳೆಯದು, ಏಕೆಂದರೆ ಎರಡು ಜಾಸ್ತಿ ಬೀಳುತ್ತದೆ. ಆದರೆ ನಿಮಗೆ ಎರಡು ಹೆಜ್ಜೆ ದೂರದ ಆ ಮನೆ, ನಿಮ್ಮ ಬಲಗಡೆ ಕೂತವರ ಬಾಗಿಲು! ಅವರ ಕಾಯಿ ಹೊರಗೆ ಬಾಗಿಲ ಹತ್ತಿರ ಬಂದಿದ್ದರೆ ಅಲ್ಲಿ ನಿಲ್ಲಬೇಡಿ. ಬಂದಿಲ್ಲ ಅಂದರೆ ಧೈರ್ಯವಾಗಿ ನಿಂತು ಎರಡಕ್ಕೆ ಕಾಯಿರಿ.

ಒಳಸಾಲಿನಲ್ಲಿ ಗಟ್ಟಿ ಕಟ್ಟುವುದೂ ಉಂಟು. ನಿಮ್ಮದೇ ಎರಡು ಕಾಯಿ ಒಂದೇ ಮನೆಗೆ ಬಂದರೆ ಅವನ್ನು ಗಟ್ಟಿ ಅಂತ ಹೇಳಿ ಜೋಡಿಯಾಗಿ ನಡೆಸಬಹುದು. ಜೋಡಿಯನ್ನು ಒಂಟಿ ಕಾಯಿ ಹೊಡೆಯುವ ಹಾಗಿಲ್ಲ, ಇನ್ನೊಂದು ಗಟ್ಟಿಯೇ ಬರಬೇಕು. ಆದರೆ ಜೋಡಿ ನಡೆಯುವುದು ಅರ್ಧ: 2 ಬಿದ್ದರೆ ಒಂದು ಮನೆ, ಚೌಕಕ್ಕೆ ಎರಡು, ಬಾರಕ್ಕೆ ನಾಲ್ಕು. 1 ಅಥವಾ 3 ಬಿದ್ದರೆ ಜೋಡಿ ಕದಲುವುದಿಲ್ಲ. ಕ್ಷೇಮ ಬೇಕಾದರೆ ಗಟ್ಟಿ, ಬೇಗ ಹೋಗಬೇಕಾದರೆ ಒಂಟಿ ಕಾಯಿ. ಮಕ್ಕಳು ನಾಲ್ಕು ಕಾಯಿಯ ಆಟ ಚೆನ್ನಾಗಿ ಕಲಿತ ಮೇಲಷ್ಟೇ ಇದನ್ನು ಸೇರಿಸಿ.

ದೊಡ್ಡವರು ನೆನಪಿಡಬೇಕಾದ್ದು

ಮಗು ಯೋಚಿಸುವಾಗ ಬಾಯಿ ತೆರೆಯಬೇಡಿ. ಇದು ಬಹಳ ಕಷ್ಟ, ನನಗೆ ಗೊತ್ತು. ಮುಂದಿನ ಗರದಲ್ಲೇ ಅವರ ಕಾಯಿ ಹೋಗುತ್ತದೆ ಅಂತ ನಮಗೆ ಕಾಣುತ್ತಿರುತ್ತದೆ. "ಅದಲ್ಲ, ಅದಲ್ಲ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿರುತ್ತದೆ. ಆದರೆ ಹಾಗೆ ಹೇಳಿದರೆ ಆಡುತ್ತಿರುವುದು ನಾವು, ಮಗು ಕಾಯಿ ಎತ್ತಿಡುತ್ತಿದೆ ಅಷ್ಟೇ. ನಮ್ಮಲ್ಲಿ ಒಂದು ಪದ್ಧತಿ ಮಾಡಿಕೊಂಡೆವು. ಮಗು ಕೇಳಿದರೆ ಮಾತ್ರ ಮಾತು, ಅದೂ ಪ್ರಶ್ನೆಯ ರೂಪದಲ್ಲಿ: "ನಿನ್ನ ಹಿಂದೆ ಯಾರಿದಾರೆ ನೋಡು?" "ಅಲ್ಲಿಗೆ ಹೋದ್ರೆ ಮುಂದಿನ ಕಟ್ಟೆ ಎಷ್ಟು ದೂರ?" ಉತ್ತರ ಹೇಳುವುದಿಲ್ಲ.

ಬೇಕಂತಲೇ ಸೋಲಬೇಡಿ. ಮಕ್ಕಳಿಗೆ ಅದು ಗೊತ್ತಾಗುತ್ತದೆ. ಗೆದ್ದ ಖುಷಿಯೂ ಹೋಗುತ್ತದೆ. ಚಿಕ್ಕವರಿಗೆ ಅನುಕೂಲ ಮಾಡಬೇಕು ಅನಿಸಿದರೆ ಎಲ್ಲರ ಎದುರೇ ಮಾಡಿ. ಅವರಿಗೆ ಮೂರು ಕಾಯಿ, ನಿಮಗೆ ನಾಲ್ಕು ಅಂತ ಶುರುವಿನಲ್ಲೇ ಹೇಳಿ. ಆಮೇಲೆ ಪೂರಾ ಬುದ್ಧಿ ಹಾಕಿ ಆಡಿ.

ಮುಂದೆ ಹೋದ ಕಾಯಿಯನ್ನು ಹೊಡೆದಾಗ ಕಣ್ಣಲ್ಲಿ ನೀರು ಬರುವುದು ಸಹಜ. ಆಗ "ಆಟ ತಾನೇ" ಅನ್ನಬೇಡಿ. ಅವರಿಗೆ ಅದು ನಿಜವಾದ ನಷ್ಟ. ನಮ್ಮ ಅತ್ತೆ ಹೊಡೆದ ಕಾಯಿಯನ್ನು ತಾವೇ ಕೈಯಲ್ಲಿ ಹಿಡಿದು ಮೊಮ್ಮಗಳ ಕಟ್ಟೆಯಲ್ಲಿ ಮೆತ್ತಗೆ ಇಟ್ಟು, "ಹದಿಮೂರು ಮನೆ ದಾಟಿತ್ತಲ್ಲ, ಚೆನ್ನಾಗಿ ತಂದಿದ್ದೆ" ಅನ್ನುತ್ತಾರೆ. ಮಗಳು ಈಗ ತಾನು ಹೊಡೆದಾಗಲೂ ಹಾಗೇ ಮಾಡುತ್ತಾಳೆ.

ಹೊಡೆಸಿಕೊಂಡವರನ್ನು ಹಂಗಿಸುವುದು, ಮೊಬೈಲ್ ನೋಡುತ್ತ ಸರದಿ ಮರೆಯುವುದು ಎರಡೂ ಬೇಡ. ಸಮಯ ಸಾಲದಿದ್ದರೆ ಆಟವನ್ನು ಅಲ್ಲೇ ನಿಲ್ಲಿಸಿ, ಯಾರ ಕಾಯಿ ಎಲ್ಲಿದೆ ಅಂತ ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ. ಮರುದಿನ ಅಲ್ಲಿಂದಲೇ ಮುಂದುವರಿಸಬಹುದು.

ಐದಾರು ಜನ ಇದ್ದರೆ, ದೂರದಲ್ಲಿದ್ದರೆ

ಹಬ್ಬಕ್ಕೆ ನೆಂಟರು ಬಂದಾಗ ಜೋಡಿ ಆಟ ಆಡಿ. ಇಬ್ಬರು ಸೇರಿ ಒಂದು ಕಟ್ಟೆ, ಒಬ್ಬರು ಕವಡೆ ಹಾಕುವುದು, ಇನ್ನೊಬ್ಬರು ಕಾಯಿ ಆರಿಸುವುದು, ಪ್ರತಿ ಸರದಿಗೆ ಅದಲು ಬದಲು. ಮಗುವಿಗೆ ಅಜ್ಜನೋ ಚಿಕ್ಕಮ್ಮನೋ ಜೊತೆಯಾದರೆ ಅವರಿಬ್ಬರ ಪಿಸುಮಾತು ಕೇಳಬೇಕು! ಎದುರುಬದುರು ಕೂತವರು ಒಂದು ಪಕ್ಷವಾಗಿ, ಇಬ್ಬರ ಎಂಟೂ ಕಾಯಿ ಹಣ್ಣಾದ ಮೇಲೆ ಗೆಲುವು ಅಂತಲೂ ಆಡಬಹುದು.

ಹೊರದೇಶದಲ್ಲಿರುವ ಮಕ್ಕಳು, ಮೊಮ್ಮಕ್ಕಳ ಜೊತೆ ವಿಡಿಯೋ ಕರೆಯಲ್ಲಿ ಆಡುವವರಿಗೆ ಒಂದು ಮಾತು. ಎರಡೂ ಕಡೆ ಒಂದೊಂದು ಮಣೆ ಬರೆದುಕೊಳ್ಳಿ. ಅವರವರ ಕವಡೆ ಅವರೇ ಹಾಕಿ, ಬಿದ್ದದ್ದನ್ನು ಕ್ಯಾಮೆರಾಗೆ ತೋರಿಸಿ. ಹೊರಸಾಲಿಗೆ ನಿಮ್ಮ ಕಟ್ಟೆಯಿಂದ 0 ಅಂತ ಶುರು ಮಾಡಿ 15ರ ತನಕ, ಒಳಸಾಲಿಗೆ 16ರಿಂದ 23ರ ತನಕ, ನಡುವೆ 24 ಅಂತ ಮನೆಗಳ ಮೂಲೆಯಲ್ಲಿ ಚಿಕ್ಕದಾಗಿ ಬರೆದುಕೊಳ್ಳಿ. ಎರಡು ಮಣೆಯಲ್ಲೂ ಒಂದೇ ಸಂಖ್ಯೆ ಇರಲಿ. "ಅಜ್ಜಿ, ನನ್ನದು ಆರರಿಂದ ಎಂಟಕ್ಕೆ" ಅಂದರೆ ಅಲ್ಲಿ, ಇಲ್ಲಿ ಎರಡೂ ಕಡೆ ಕಾಯಿ ಸರಿಯಾಗಿ ಕೂರುತ್ತದೆ.

ಐದು ಮನೆಯ ಮಣೆ ಸಾಕಷ್ಟು ಆಡಿ ಕೈ ಕುದುರಿದ ಮೇಲೆ ಏಳು ಮನೆಯ ಮಣೆ ಬರೆಯಿರಿ. ಅಲ್ಲಿ 49 ಮನೆ, ಆರು ಕವಡೆ, ಆರೂ ಮಕಾಡೆ ಬಿದ್ದರೆ 12. ಕವಡೆ ಬದಲಾದಾಗ ಲೆಕ್ಕವೂ ಬದಲಾಗುತ್ತದೆ. ಆರು ಕವಡೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬೀಳುವುದು ಯಾವುದು ಅಂತ ನಮ್ಮ ಮಗ ಈಗ ಹೊಸ ಪಟ್ಟಿ ಬರೆಯುತ್ತಿದ್ದಾನೆ. ತಂಗಿ ಪಕ್ಕದಲ್ಲಿ ಕೂತು ಕವಡೆ ಹಾಕುತ್ತಿದ್ದಾಳೆ.